ರೆಲ್ಫ್ ಮನೆಯವರ ಕುರಿ

ಯಾವುದು ಯಾರದ್ದು ಎಂಬುದನ್ನು ನಮ್ಮ ಸ್ಕೆಲ್‌ಗಾರ್ತ್ ಕಣಿವೆಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಐದು ವರ್ಷದ ಮಗು ಕೂಡ ದೂರದಲ್ಲಿ ಮೇಯುವ ಕುರಿಯನ್ನು ನೋಡಿ, ಬೆನ್ನ ಮೇಲೆ ಕೆಂಪು ಪಟ್ಟೆ ಇದ್ದರೆ ರೆಲ್ಫ್ ಮನೆಯವರದ್ದು, ಎಡಪಕ್ಕೆಯ ಮೇಲೆ ನೀಲಿ ಬೊಟ್ಟಿದ್ದರೆ ಮೌನ್ಸಿ ತಾತನದ್ದು ಎಂದು ಥಟ್ಟನೆ ಹೇಳುತ್ತಿತ್ತು. ಬಣ್ಣ ಮಳೆಗೆ ತೊಳೆದುಹೋಗಿದ್ದರೆ ಕಿವಿಯಲ್ಲಿ ಕತ್ತರಿಸಿದ ಕಚ್ಚು ನೋಡಿ ಹೇಳುತ್ತಿತ್ತು. ಅದನ್ನೇ ಕಾಗದದ ಮೇಲೆ ಬರೆಯಿರಿ ಎಂದರೆ ಮಾತ್ರ ಇಡೀ ತರಗತಿಗೆ ಗರ ಬಡಿಯುತ್ತಿತ್ತು.

ಕಲಿಸುವವಳು ನಾನು, ಹಿಲ್ಡಾ ಬ್ಲಾಮೈರ್. ಎರಡೇ ಕೋಣೆಯ ಶಾಲೆ, ದೊಡ್ಡ ಮಕ್ಕಳ ಕೋಣೆ ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ನಮ್ಮ ಇಂಗ್ಲಿಷಿನಲ್ಲಿ ಒಡೆತನ ತೋರಿಸಲು ಹೆಸರಿನ ಕೊನೆಯಲ್ಲಿ, ಮೇಲುಗಡೆ, ಒಂದು ಪುಟ್ಟ ಕೊಕ್ಕೆ ಹಾಕುತ್ತೇವಲ್ಲ, ಅಪಾಸ್ಟ್ರಫಿ, ಅದನ್ನು ಸಿಕ್ಕಸಿಕ್ಕಲ್ಲಿ ಎರಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊರಿನ ಪಬ್ಬಿನ ಮುಂದಿನ ಕಪ್ಪುಹಲಗೆಯ ಮೇಲೆ 'ಆಲೂಗಡ್ಡೆಗಳು' ಎಂಬ ಪದಕ್ಕೂ ಕೊಕ್ಕೆ ನೇತುಹಾಕಿದ್ದರು. ಆಲೂಗಡ್ಡೆಗೆ ಯಾವ ಆಸ್ತಿಪಾಸ್ತಿ ಇದೆ? ಹೋಗುವಾಗ ಬೆರಳಿನಿಂದ ಅಳಿಸಿಯೇ ಮುಂದೆ ಹೋಗುತ್ತಿದ್ದೆ.

ಎರಡು ಸಾವಿರದ ಒಂದನೇ ಇಸವಿಯ ವಸಂತದಲ್ಲಿ ಈ ಪಾಠ ಮಾಡಿದೆ. ಆಗ ಕಾಲುಬಾಯಿ ರೋಗ ದೇಶದ ಬೇರೆ ಕಡೆ ಹಬ್ಬಿತ್ತು, ನಮ್ಮ ಜಿಲ್ಲೆಯ ಉತ್ತರದ ತುದಿಗೂ ಬಂದಿತ್ತು. ರೋಗ ಕಂಡ ಮಂದೆಯನ್ನೂ ಅದರ ಜೊತೆ ಸೋಂಕಿದ ಮಂದೆಯನ್ನೂ ಸರ್ಕಾರದವರು ಬಂದು ಪೂರ್ತಿ ಕೊಂದುಹಾಕುತ್ತಿದ್ದರು. ಶಾಲೆಯ ಗೇಟಿನ ಮುಂದೆ ಔಷಧದಲ್ಲಿ ನೆನೆಸಿದ ಹುಲ್ಲು ಹಾಸಿದ್ದೆವು. ಮಕ್ಕಳು ಅದನ್ನು ತುಳಿದು ಬರುತ್ತಿದ್ದರು, ದಿನವಿಡೀ ಕೋಣೆಯಲ್ಲಿ ಅದರದೇ ಘಾಟು. ಯಾರೂ ಯಾವ ದನಕುರಿಯನ್ನೂ ಜಾಗ ಬಿಟ್ಟು ಕದಲಿಸಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿತ್ತು.

"ಮೊದಲು ಒಡೆಯ ಯಾರು ಅಂತ ಕೇಳ್ಕೊಳ್ಳಿ. ಒಬ್ಬನೋ, ಹಲವರೋ?" ಎಂದೆ. "ಒಬ್ಬನಾದ್ರೆ ಅವನ ಹೆಸರು ಪೂರ್ತಿ ಬರೆದು, ಕೊಕ್ಕೆ ಹಾಕಿ, ಆಮೇಲೆ ಎಸ್. ಹಲವರಾದ್ರೆ ಹೆಸರಿನ ಕೊನೇಲಿ ಎಸ್ ಆಗ್ಲೇ ಬಂದು ಕೂತಿರತ್ತೆ, ಅದರ ಹಿಂದೆ ಬರೀ ಕೊಕ್ಕೆ. ಅಷ್ಟೇ. ಟಗರಿನ ಕೋಡು. ಟಗರುಗಳ ಕೋಡು. ಬಣ್ಣದ ಗುರುತು ತಪ್ಪು ಜಾಗಕ್ಕೆ ಹಾಕಿದ್ರೆ ಏನಾಗತ್ತೆ?"

"ಪಕ್ಕದ ಮನೆಯೋರು ಹೊಡ್ಕೊಂಡು ಹೋಗ್ತಾರೆ ಮಿಸ್!"

"ಅದಕ್ಕೇ ಕೊಕ್ಕೇನೂ ಜಾಗ ನೋಡಿ ಹಾಕಿ."

ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. "ಮಿಸ್, ಕುರಿ ಒಂದಿದ್ರೂ ಶೀಪ್, ನೂರಿದ್ರೂ ಶೀಪ್. ಅದಕ್ಕೆಲ್ಲಿ ಕೊಕ್ಕೆ?"

"ಎರಡಕ್ಕೂ ಎಸ್‌ಗೆ ಮುಂಚೆ."

"ಮತ್ತೆ ಎಷ್ಟು ಕುರಿ ಅಂತ ಹೇಗೆ ಗೊತ್ತಾಗ್ಬೇಕು?"

"ಎದ್ದು ಹೋಗಿ ಎಣಿಸ್ಕೊಂಡು ಬಾ." ಎಲ್ಲರೂ ನಕ್ಕರು.

ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ನಡೆದದ್ದನ್ನೇ ಒಂದು ವಾಕ್ಯದಲ್ಲಿ ಹೇಳಬೇಕು, ಕೊಕ್ಕೆ ಎಲ್ಲಿ ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಬೇಕು ಎಂದೆ. ಎಂಟು ವರ್ಷದ ಕಿರ್ಸ್ಟಿ ಮೌನ್ಸಿ ಎದ್ದು ನಿಂತಳು. ಅವಳ ತಾಯಿಗೆ ಕರಾವಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಹುಡುಗಿ ಕಣಿವೆಯ ಬುಡದಲ್ಲಿರುವ ತಾತ ವಿಲ್ಫ್ ಮೌನ್ಸಿಯ ಜಮೀನಿನಲ್ಲೇ ಬೆಳೆಯುತ್ತಿದ್ದಳು.

"ತಾತ ರೆಲ್ಫ್ ಮನೆಯವರ ಕುರಿಯನ್ನು ಅಜ್ಜಿಯ ಕಾರಿನಲ್ಲಿ ಮನೆಗೆ ಮುಟ್ಟಿಸಿ ಬಂದರು," ಎಂದಳು ಕಿರ್ಸ್ಟಿ. ರೆಲ್ಫ್ ಮನೆಯವರಿಗೆ ಬೆರಳು ಎಸ್‌ನ ಆಚೆ ಹೋಯಿತು, ಅಜ್ಜಿಗೆ ಎಸ್‌ನ ಈಚೆ ಬಂತು. ಒಂದೇ ವಾಕ್ಯದಲ್ಲಿ ಹಲವರದ್ದೂ ಒಬ್ಬರದ್ದೂ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳ ಅಂಗಿಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿದೆ.

"ಕಾರಲ್ಲಿ ಕುರಿ ಎಲ್ಲಿ ಕೂತಿತ್ತೇ?" ಎಂದು ಯಾರೋ ಕೇಳಿದರು.

"ಮುಂದಿನ ಸೀಟಲ್ಲಿ. ಬೆಲ್ಟ್ ಹಾಕಿದ್ವಿ. ನಾನು ಹಿಂದೆ ಕೂತು ಕೊರಳು ಹಿಡ್ಕೊಂಡಿದ್ದೆ."

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಾನೂ ನಕ್ಕೆ. ಆ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಕಾರು ಮಾತ್ರ ಇನ್ನೂ ಅಜ್ಜಿಯದೇ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬೆಟ್ಟಕ್ಕೆ ಬೇಲಿಯಿಲ್ಲ. ಕುರಿಗಳು ದಾರಿತಪ್ಪುತ್ತವೆ, ಒಬ್ಬರ ಮಂದೆಗೆ ಇನ್ನೊಬ್ಬರದು ಬಂದು ಸೇರುತ್ತದೆ. ಸೇರಿದ್ದನ್ನು ಗುರುತು ನೋಡಿ ಒಡೆಯನ ಮನೆಗೆ ಮುಟ್ಟಿಸಬೇಕು, ಇಲ್ಲವೇ ಹೇಳಿಕಳಿಸಬೇಕು. ಮುಟ್ಟಿಸದೆ ಸುಮ್ಮನಿದ್ದವನ ಪಕ್ಕ ಪಬ್ಬಿನಲ್ಲಿ ಯಾರೂ ಕೂರುವುದಿಲ್ಲ. ಕುರಿ ಮುಟ್ಟಿಸುವುದನ್ನು ನಮ್ಮವರು ಕೆಲಸ ಎಂದೂ ಎಣಿಸುವುದಿಲ್ಲ, ಉಪಕಾರ ಎಂದೂ ಎಣಿಸುವುದಿಲ್ಲ. ಬಾಗಿಲು ತಟ್ಟಿ, ಇಳಿಸಿ, ಒಂದು ಲೋಟ ಟೀ ಕುಡಿದು ಬರುತ್ತಾರೆ. ಮಂದೆ ಕದಲಿಸಬಾರದು ಎಂಬ ಆಜ್ಞೆಗೂ ಇದಕ್ಕೂ ಸಂಬಂಧವಿದೆ ಎಂದು ಈ ಕಣಿವೆಯಲ್ಲಿ ಹುಟ್ಟಿದ ಯಾರಿಗೂ ಹೊಳೆಯುತ್ತಿರಲಿಲ್ಲ.

ಅದೇ ವಾರದ ಕೊನೆಯಲ್ಲಿ, ಮಕ್ಕಳು ಊಟಕ್ಕೆ ಕೂತಿದ್ದಾಗ ಶಾಲೆಗೆ ಫೋನು ಬಂತು.

"ಹುಡುಗೀನ ಮನೆಗೆ ಕಳಿಸ್ಬೇಡ," ಎಂದರು ವಿಲ್ಫ್. ಆಗ ನನಗೆ ಐವತ್ತು ದಾಟಿತ್ತು, ಅವರಿಗೆ ಎಪ್ಪತ್ತು ದಾಟಿತ್ತು. ಅವರ ಬಾಯಲ್ಲಿ ಕಿರ್ಸ್ಟಿಯೂ ಹುಡುಗಿ, ನಾನೂ ಹುಡುಗಿ.

"ಯಾಕೆ, ಏನಾಯ್ತು?"

"ಬಂತು."

ಬೆಳಗ್ಗೆ ಎರಡು ಕುರಿ ಕುಂಟುತ್ತಿದ್ದವಂತೆ. ಬಾಯಿ ತೆರೆದು ನೋಡಿದರೆ ಒಸಡಿನ ಮೇಲೆ ಗುಳ್ಳೆ. ಮುಚ್ಚಿಡುವ ಮನುಷ್ಯನಲ್ಲ, ಅವರೇ ಪಶು ಇಲಾಖೆಗೆ ಫೋನು ಮಾಡಿದ್ದರು. ಇನ್ನು ಎಲ್ಲ ಮುಗಿಯುವ ತನಕ ಆ ಜಮೀನಿನಿಂದ ಯಾರೂ ಹೊರಗೆ ಬರುವಂತಿಲ್ಲ, ಒಳಗೆ ಹೋಗುವಂತಿಲ್ಲ. ಕಿರ್ಸ್ಟಿಯನ್ನು ನನ್ನ ಮನೆಗೆ ಕರೆದುಕೊಂಡು ಹೋದೆ.

ಮಾರನೆಯ ದಿನ ವಿಲ್ಫ್ ಮೌನ್ಸಿಯ ಮಂದೆಯನ್ನು ಕೊಂದರು. ಈಯುವ ಕಾಲ ಅದು. ಅರ್ಧ ಕುರಿಗಳು ಈದಿದ್ದವು, ಅರ್ಧ ಈಯಲಿದ್ದವು. ಸಂಜೆ ಅವರು ಮತ್ತೆ ಫೋನು ಮಾಡಿದರು. ಹುಡುಗಿ ಅಡುಗೆಮನೆಯಲ್ಲಿ ಬ್ರೆಡ್ಡಿನ ಮೇಲೆ ಬೀನ್ಸ್ ಹಾಕಿಕೊಂಡು ತಿನ್ನುತ್ತಿದ್ದಳು, ನಾನು ನಡುಮನೆಯಲ್ಲಿ ಫೋನು ಹಿಡಿದು ನಿಂತೆ. ಏನು ಹೇಳಿ ಸಮಾಧಾನ ಮಾಡಲಿ ಎಂದು ತೋಚದೆ, ಇಲಾಖೆಯವರು ಹೇಗೆ ನಡೆದುಕೊಂಡರು ಎಂದು ಕೇಳಿದೆ.

"ಡಾಕ್ಟರಮ್ಮ ಒಳ್ಳೇವ್ಳು. ಎಳೇ ಹುಡುಗಿ, ಸ್ಪೇನ್‌ನೋಳಂತೆ. ನನ್ನ ಮಾತು ಅರ್ಥ ಆಗ್ದೆ ಮತ್ತೆ ಮತ್ತೆ ಕೇಳೋಳು. ಏನು ಕೊಂಡ್ರಿ, ಏನು ಮಾರಿದ್ರಿ, ಯಾರು ಬಂದ್ರು, ಯಾರು ಹೋದ್ರು. ಕೊನೆಗೆ ಅವ್ಳೇ ಗೋಡೆ ಕಡೆ ತಿರುಗಿ ಅತ್ಲು."

"ಹೊರಗೆ ಯಾವ್ದಾದ್ರೂ ಕುರಿ ಹೋಯ್ತಾ ಅಂತ ಕೇಳಿದ್ಲಾ?"

"ಕೇಳಿದ್ಲು. ಒಂದೂ ಅಂಗಳ ದಾಟಿಲ್ಲ ತಾಯಿ ಅಂದೆ."

"ರೆಲ್ಫ್ ಮನೆಯವರ ಕುರಿ ಹೋಯ್ತಲ್ಲ ವಿಲ್ಫ್."

"ಅದನ್ನ ಮನೆಗೆ ಬಿಟ್ಟುಬಂದಿದ್ದು."

"ಎಷ್ಟು ದಿನ ಇತ್ತು ನಿಮ್ಮ ಕುರಿಗಳ ಜೊತೆ?"

ಆ ಮನುಷ್ಯ ಸುಳ್ಳು ಹೇಳಿರಲಿಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮನೆಗೆ ಮುಟ್ಟಿಸಿದ ಕುರಿ ಅವರ ಲೆಕ್ಕದಲ್ಲಿ 'ಹೊರಗೆ ಹೋದ' ಕುರಿಯಾಗಿರಲಿಲ್ಲ. ಈಗ ನಾನು ಕೇಳಿದ ಮೇಲೆ ಆಗಿಬಿಟ್ಟಿತು.

"ರೆಲ್ಫ್ ಮನೆ ಐಸಾಕ್‌ನ ಕುರಿ ಚೆನ್ನಾಗೇ ಇವೆ," ಎಂದರು ಕೊನೆಗೆ. "ಇಲ್ದಿದ್ರೆ ಫೋನ್ ಮಾಡ್ತಿದ್ದ."

"ಇವತ್ತು ಚೆನ್ನಾಗಿವೆ. ಮೇ ತಿಂಗಳಲ್ಲಿ ಬೆಟ್ಟ ಹತ್ತುತ್ವೆ."

"ಕುರಿ ಯಾವಾಗ ಬೆಟ್ಟ ಹತ್ತುತ್ತೆ ಅಂತ ನನಗೆ ಪಾಠ ಹೇಳ್ಬೇಡ ಹುಡುಗಿ."

"ಹತ್ತಿದ್ಮೇಲೆ ಯಾರ್ಯಾರ ಮಂದೆ ಜೊತೆ ಬೆರೆಯತ್ತೆ ಅನ್ನೋದೂ ನಿಮಗೆ ಗೊತ್ತು. ಆ ಕಡೆ ಕಣಿವೆ, ಅದರಾಚೆ ಕಣಿವೆ, ಸಮುದ್ರದವರೆಗೂ."

"ಹೇಳಿದ್ರೆ ನಾಳೆನೇ ಅವನ ಮನೆಗೆ ಬಂದೂಕು ಹೋಗತ್ತೆ. ಇವತ್ತು ನಾನು ನೋಡಿದ್ದನ್ನ ಅವನೂ ನೋಡ್ಬೇಕು. ನಾನೇ ಕಳಿಸಿದ ಹಾಗೆ."

"ಗೊತ್ತು."

"ನಾನು ಹೇಳ್ದಿದ್ರೆ ನೀನು ಹೇಳ್ತೀಯಾ?"

"ಹೇಳ್ತೀನಿ," ಎಂದೆ. ಇವತ್ತಿಗೂ ಅದೇ ಮಾತು ಹೇಳುತ್ತೇನೆ. ಆ ಬೆಟ್ಟಕ್ಕೆ ಎಷ್ಟು ಮನೆಗಳ ಮಂದೆ ಹತ್ತುತ್ತದೆ ಎಂದು ನನಗೆ ಗೊತ್ತಿತ್ತು, ಆ ಮನೆಗಳ ಮಕ್ಕಳೆಲ್ಲ ನನ್ನ ಮುಂದೆ ಕೂರುವವರು.

"ಬೆಳಗ್ಗೆ ತನಕ ಬಿಡು," ಎಂದರು. "ಮೊದ್ಲು ಐಸಾಕ್‌ಗೆ ನಾನೇ ಹೇಳ್ಬೇಕು." ಫೋನು ಇಡುವ ಮುಂಚೆ ಒಂದು ಮಾತು ಸೇರಿಸಿದರು. "ನಿನಗೆ ಹೇಗೆ ಗೊತ್ತಾಯ್ತು?"

"ಕಿರ್ಸ್ಟಿ. ಕ್ಲಾಸಲ್ಲಿ ವಾಕ್ಯ ಹೇಳು ಅಂದಿದ್ದೆ."

"ಅದು ಯಾವತ್ತೂ ಆ ಮಗುವಿನ ಕಿವಿಗೆ ಬೀಳಬಾರ್ದು. ಮಾತು ಕೊಡು."

ಕೊಟ್ಟೆ. ಅಡುಗೆಮನೆಗೆ ಹೋದಾಗ ನಡುವಿನ ಬಾಗಿಲು ತೆರೆದೇ ಇತ್ತು, ಹುಡುಗಿ ತಟ್ಟೆ ಖಾಲಿ ಮಾಡಿ ತೊಳೆದಿಟ್ಟಿದ್ದಳು.

ರೆಲ್ಫ್ ಮನೆಯಲ್ಲಿ ಇದ್ದವರು ಇಬ್ಬರೇ, ಐಸಾಕ್ ಮತ್ತು ಅವನ ತಮ್ಮ ಜಾಸ್. ಇಬ್ಬರೂ ಮದುವೆಯಾಗಿರಲಿಲ್ಲ. ಕಣಿವೆಯ ನೆತ್ತಿಯಲ್ಲಿ ಅವರ ಮನೆ, ಅದರ ಹಿಂದೆಯೇ ಬೆಟ್ಟ. ಅವರ ಮಂದೆಗೆ ಅವರ ಮುತ್ತಜ್ಜನ ಕಾಲದಿಂದ ಬೆಟ್ಟದ ಒಂದು ಪಾಲು ಗೊತ್ತಿತ್ತು. ಎಲ್ಲಿ ನೀರು, ಎಲ್ಲಿ ಗಾಳಿಗೆ ಮರೆ, ಎಲ್ಲಿಂದ ಮುಂದಕ್ಕೆ ಪಕ್ಕದವರದ್ದು ಎಂಬುದನ್ನು ತಾಯಿಕುರಿ ಮರಿಗೆ ತಿರುಗಾಡಿಸಿ ಕಲಿಸುತ್ತದೆ. ಬೇಲಿ ಇಲ್ಲದೆ ಅವು ತಮ್ಮ ಜಾಗ ಬಿಟ್ಟು ಹೋಗದಿರುವುದು ಅದರಿಂದಲೇ. ಎಲ್ಲೋ ಒಂದೆರಡು ತಪ್ಪಿಸಿಕೊಳ್ಳುತ್ತವೆ, ಅಷ್ಟೆ. ಮಂದೆ ಪೂರ್ತಿ ಸತ್ತರೆ ಸಂತೆಯಿಂದ ಬೇರೆ ಕುರಿ ತರಬಹುದು, ಆ ತಿಳಿವಳಿಕೆಯನ್ನು ತರಲಾಗುವುದಿಲ್ಲ. ವಿಲ್ಫ್ ಅವರ ಕುರಿಗಳು ಹೊಲದ ಕುರಿಗಳು, ಮತ್ತೆ ಕೊಳ್ಳಬಹುದಾದವು. ಐಸಾಕ್‌ನದು ಹಾಗಲ್ಲ. ಇದು ವಿಲ್ಫ್‌ಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಬೆಳಗ್ಗೆ ವಿಲ್ಫ್ ಐಸಾಕ್‌ಗೆ ಫೋನು ಮಾಡಿ ಹೇಳಿದರು. "ನಿನ್ನ ಕುರಿ ನನ್ನ ಕಡೆ ಬಂದಿದ್ರೆ ನಾನೂ ತಂದು ಬಿಡ್ತಿದ್ದೆ ಮಾರಾಯ," ಎಂದನಂತೆ. "ಇಲಾಖೆಗೆ ನೀನೇ ಹೇಳು. ನನ್ನ ಬಾಯಿಂದ ಆಗಲ್ಲ."

ವಿಲ್ಫ್ ಹೇಳಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಕಾಯಬಾರದೇ ಎಂದು ಬೇಡಿಕೊಂಡರಂತೆ. ಕಾಯುವ ಹಾಗಿಲ್ಲ, ಕಾದರೆ ಹರಡುತ್ತದೆ, ರಕ್ತ ತೆಗೆಯುತ್ತೇವೆ ಆದರೆ ಮೊದಲು ಕೊಲ್ಲುತ್ತೇವೆ ಎಂದರಂತೆ ಇಲಾಖೆಯವರು.

ಕಣಿವೆಯ ನೆತ್ತಿಯಿಂದ ಸದ್ದು ನಮ್ಮ ಶಾಲೆಗೆ ಸರಾಗವಾಗಿ ಇಳಿದು ಬರುತ್ತದೆ. ಮೊದಲ ಗುಂಡು ಕೇಳಿಸಿದಾಗ ಮಕ್ಕಳು ಆಟದ ಬಯಲಿನಲ್ಲಿದ್ದರು. ಒಳಗೆ ಕರೆದು, ಕಿಟಕಿಗಳನ್ನೆಲ್ಲ ಮುಚ್ಚಿ, ಗಟ್ಟಿಯಾಗಿ ಮಗ್ಗಿ ಹೇಳಿಸಿದೆ. ಏಳರದ್ದು ಮುಗಿಯಿತು, ಎಂಟರದ್ದು ಮುಗಿಯಿತು, ಸದ್ದು ನಿಲ್ಲಲಿಲ್ಲ. ಕುರಿ ಸಾಕುವ ಮನೆಯ ಮಕ್ಕಳು, ಅವರಿಗೆ ಏನೆಂದು ಗೊತ್ತಿಲ್ಲವೇ? ಕಿರ್ಸ್ಟಿ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಳು. ಒಂಬತ್ತರ ಮಗ್ಗಿಯಲ್ಲಿ ನಾನೇ ತಪ್ಪಿದೆ, ಯಾರೂ ನಗಲಿಲ್ಲ.

ಐಸಾಕ್‌ನನ್ನು ಒಳಗೇ ಇರು ಎಂದಿದ್ದರಂತೆ, ಅವನು ಕೇಳಲಿಲ್ಲ. ಬೇರೆಯವರು ಹಿಡಿದರೆ ಬೆದರುತ್ತವೆ ಎಂದು ಒಂದೊಂದನ್ನೂ ತಾನೇ ಹಿಡಿದು ಕೊಟ್ಟನಂತೆ. ಜಾಸ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎಷ್ಟೋ ದಿನದ ಮೇಲೆ ಹೊರಗೆ ಬಂದವನು ಬೆಳಗಾದರೆ ನಾಯಿ ಕರೆದುಕೊಂಡು ಬರಿದಾದ ಬೆಟ್ಟಕ್ಕೆ ಹೋಗುವುದು, ಊಟದ ಹೊತ್ತಿಗೆ ಇಳಿದು ಬರುವುದು, ಇಷ್ಟನ್ನೇ ಮಾಡುತ್ತಿದ್ದ.

ಅಚ್ಚರಿಯೆಂದರೆ, ರೋಗ ನಮ್ಮ ಕಣಿವೆಯಲ್ಲಿ ಅಲ್ಲಿಗೇ ನಿಂತಿತು. ಮೇ ತಿಂಗಳಲ್ಲಿ ಉಳಿದ ಮನೆಗಳ ಮಂದೆಗಳು ಬೆಟ್ಟ ಹತ್ತಿದವು. ರೆಲ್ಫ್ ಮನೆಯವರ ಕುರಿಗಳಿಗೆ ಆಗಲೇ ತಗುಲಿತ್ತಂತೆ, ಸಮಯಕ್ಕೆ ಸರಿಯಾಗಿ ತಡೆದರಂತೆ ಎಂದು ಪಬ್ಬಿನಲ್ಲಿ ಯಾರೋ ಅಂದರು, ಅದೇ ಊರ ಮಾತಾಯಿತು. ಕಿರ್ಸ್ಟಿಯನ್ನು ಮನೆಗೆ ಬಿಡಲು ಹೋದಾಗ ವಿಲ್ಫ್ ನನಗೂ ಅದನ್ನೇ ಹೇಳಿದರು.

"ತಗುಲಿತ್ತಂತೆ ಹುಡುಗಿ. ಹೇಳಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ಇಡೀ ಬೆಟ್ಟಾನೇ ಹೋಗಿಬಿಡ್ತಿತ್ತು, ಅಲ್ವಾ?"

"ಹೌದು," ಎಂದೆ. ನನಗೂ ಹಾಗೇ ಅನ್ನಿಸಿತ್ತು, ಹಾಗೇ ಇರಲಿ ಎಂದು ಬೇಡಿಕೊಂಡಿದ್ದೆ. ಅವರು ತೂಕ ಕಳೆದುಕೊಂಡು ಅಂಗಿಯೊಳಗೆ ಅಲ್ಲಾಡುತ್ತಿದ್ದರು, ಆದರೆ ಆ ಒಂದು ಮಾತನ್ನು ಹಿಡಿದುಕೊಂಡು ಬೆಳಗ್ಗೆ ಏಳುತ್ತಿದ್ದರು, ಗಡ್ಡ ಹೆರೆಯುತ್ತಿದ್ದರು, ಹುಡುಗಿಗೆ ಗಂಜಿ ಕಾಯಿಸಿ ಕೊಡುತ್ತಿದ್ದರು. ಐಸಾಕ್‌ನನ್ನು ಮಾತ್ರ ನೋಡಲು ಹೋಗಿರಲಿಲ್ಲ, ಮುಖ ಎತ್ತಿ ನೋಡುವ ಧೈರ್ಯ ಇರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಐಸಾಕ್ ರೆಲ್ಫ್ ತಾನೇ ಇಳಿದು ಬಂದ. ನಾನು ಆಗ ವಿಲ್ಫ್ ಮನೆಯ ಅಡುಗೆಕೋಣೆಯಲ್ಲಿದ್ದೆ, ಮಾಡಿಕೊಂಡು ಹೋಗಿದ್ದ ಕೇಕು ಕತ್ತರಿಸುತ್ತಿದ್ದೆ. ಕಿರ್ಸ್ಟಿ ಮೇಜಿನ ಕೊನೆಯಲ್ಲಿ ಕೂತು ಕುದುರೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಐಸಾಕ್ ಬಾಗಿಲಲ್ಲಿ ಬೂಟು ಕಳಚಿ, ಕಾಲುಚೀಲದಲ್ಲೇ ಬಂದು ಕೂತ. ಮುಖದಲ್ಲಿ ಒಂದು ಗೆಲುವಿತ್ತು. ಇಂಥ ಗೆಲುವನ್ನು ಅವನ ಮುಖದಲ್ಲಿ ನೋಡಿ ಎಷ್ಟು ದಿನವಾಗಿತ್ತೋ.

"ಏನೋ ವಿಲ್ಫ್, ಗೂಬೆ ಹಾಗೆ ಒಳಗೇ ಕೂತಿದ್ದೀಯಂತೆ. ನನ್ನ ನೋಡಿದ್ರೆ ಕಚ್ಚಿಬಿಡ್ತೀನಾ?"

"ಬರ್ಬೇಕು ಅಂತಿದ್ದೆ ಕಣೋ."

"ಬರಲ್ಲ ಅಂತ ಗೊತ್ತಿತ್ತು. ಅದಕ್ಕೇ ನಾನೇ ಬಂದೆ. ಒಂದು ಮಾತು ಹೇಳೋಕೆ." ಮೊಣಕೈ ಮೇಜಿನ ಮೇಲೂರಿ ಮುಂದಕ್ಕೆ ಬಾಗಿದ. "ನೀನೇ ರೋಗ ಹೊತ್ಕೊಂಡು ಬಂದು ನನ್ನ ಅಂಗಳಕ್ಕೆ ಹಾಕ್ದೆ ಅಂತ ಕೊರಗ್ತಿದ್ದೀಯಂತಲ್ಲ. ಬಿಟ್ಟುಬಿಡು ಅದನ್ನ. ರಕ್ತದ ಪರೀಕ್ಷೆ ಬಂತು ನಿನ್ನೆ. ನಮ್ಮ ಒಂದು ಕುರಿಗೂ ರೋಗ ಇರ್ಲಿಲ್ಲ ಕಣೋ. ಒಂದಕ್ಕೂ! ನೀನು ತಂದುಬಿಟ್ಯಲ್ಲ, ಅದಕ್ಕೂ ಇರ್ಲಿಲ್ಲ. ನೀನೇನೂ ತರಲಿಲ್ಲ ವಿಲ್ಫ್."

ಎಂಥ ಒಳ್ಳೆಯ ಮನಸ್ಸು ಅವನದು. ತನ್ನದೆಲ್ಲ ಹೋದ ಮೇಲೂ ಗೆಳೆಯನ ಎದೆಯ ಭಾರ ಇಳಿಸಲೆಂದು ನಾಲ್ಕು ಮೈಲಿ ನಡೆದು ಬಂದಿದ್ದ. ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು, ಚಾಕು ಕೇಕಿನಲ್ಲೇ ನಿಂತಿತು. ಅವನ ಬಾಯಿ ಮುಚ್ಚಿಸಬೇಕಿತ್ತು ಎನ್ನಿಸಿತು, ಹೊತ್ತು ಮೀರಿತ್ತು.

ವಿಲ್ಫ್ ಮೇಜಿನ ಮೇಲಿದ್ದ ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಮುಖ ನೋಡುತ್ತಾ ನೋಡುತ್ತಾ ಐಸಾಕ್‌ನ ಗೆಲುವೂ ಇಳಿದುಹೋಯಿತು. ಅವನು ನನ್ನ ಕಡೆ ತಿರುಗಿದ, ನಾನು ಕಣ್ಣು ತಪ್ಪಿಸಿದೆ.

ಆಗ ಕಿರ್ಸ್ಟಿ ಬಣ್ಣದ ಕಡ್ಡಿ ಕೆಳಗಿಟ್ಟಳು.

"ಹಾಗಾದ್ರೆ ನಾವು ಹೇಳ್ದೇ ಇದ್ದಿದ್ರೆ ಅವು ಬದುಕಿರ್ತಿದ್ವಾ ತಾತ?"

ಅವಳ ದನಿಯಲ್ಲಿ ಅಳು ಇರಲಿಲ್ಲ. ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಈಗ ಸರಿಯಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು.

"ನಾನು ಕ್ಲಾಸಲ್ಲಿ ಹೇಳಿದೆ. ಮಿಸ್ ನಿಮಗೆ ಹೇಳಿದ್ರು. ನೀವು ಅವರಿಗೆ ಹೇಳಿದ್ರಿ. ನಮ್ಮ ತಪ್ಪಾ ಅದು?"

ವಿಲ್ಫ್ ಎದ್ದು ಅವಳ ಕುರ್ಚಿಯ ಪಕ್ಕಕ್ಕೆ ಹೋದರು. ಮೊಣಕಾಲೂರಿ ಕೂರಲು ಅವರಿಗೆ ಬಹಳ ಹೊತ್ತು ಹಿಡಿಯಿತು.

"ನಮ್ಮದಲ್ಲ ಮಗಾ," ಎಂದರು. "ನಂದು. ನನ್ನೊಬ್ಬನದು."

ಕಿರ್ಸ್ಟಿ ತಾತನ ಮುಖವನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು. ಅವಳು ಅದನ್ನು ನಂಬಲಿಲ್ಲ.